ಹಲಗೆ ಅಣ್ಣನ ಕಡೆಯದು, ಬಣ್ಣ ತಮ್ಮನ ಕಡೆಯದು

ನಮ್ಮ ದೊಡ್ಡಪ್ಪ ಆಟದ ಯಂತ್ರಗಳಿಗೆ ಚಿತ್ರ ಬರೆಯುತ್ತಿದ್ದರು. ನಾಣ್ಯ ಹಾಕಿ, ಎದುರು ನಿಂತು ಆಡುವ, ಬೀರುವಿನಷ್ಟು ಎತ್ತರದ ಯಂತ್ರಗಳು. ಪರದೆಯೊಳಗಿನ ಆಟ ಮಾಡುವವರು ಬೇರೆ. ಪಕ್ಕದ ಹಲಗೆಗಳ ಮೇಲಿನ ಚಿತ್ರವಷ್ಟೇ ದೊಡ್ಡಪ್ಪನದು. ಒಂದು ಆಟದಲ್ಲಿ ಹುಡುಗಿಯೊಬ್ಬಳು ಹೊಳೆಯಲ್ಲಿ ದೋಣಿ ನಡೆಸುತ್ತಾಳೆ. ಪರದೆಯ ಮೇಲೆ ಅವಳು ಕೆಲವು ಚೌಕದ ಚುಕ್ಕೆಗಳು, ಅಷ್ಟೆ. ಅವಳಿಗೆ ಕಣ್ಣು ಮೂಗು ಇದ್ದದ್ದು ದೊಡ್ಡಪ್ಪನ ಹಲಗೆಯ ಮೇಲೆ ಮಾತ್ರ. ಆ ಮುಖ ದೊಡ್ಡಮ್ಮನದು. ಮದುವೆಯಾದ ಹೊಸತು, ಚಿತ್ರದ ಮಾದರಿಗೆ ಬೇರೆ ಯಾರನ್ನು ಕೂರಿಸಿಕೊಳ್ಳುವುದೆಂದು ತಿಳಿಯದೆ ಅಡುಗೆಮನೆಯ ಕಿಟಕಿಯ ಬಳಿ ಅವರನ್ನೇ ಕೂರಿಸಿದ್ದರಂತೆ.

"ಹುಟ್ಟು ಹಾಕು ಅಂತ ಕೈಗೆ ಪೊರಕೆ ಕೊಟ್ಟಿದ್ರು ಕಣೇ," ಎಂದು ದೊಡ್ಡಮ್ಮ ನನಗೆ ಹೇಳುತ್ತಿದ್ದರು. "ಸಾಲದ್ದಕ್ಕೆ ಮೂಗು ಬೇರೆ ಉದ್ದ ಮಾಡಿದ್ರು."

"ಇದ್ದದ್ದನ್ನ ಬರೆದೆ ಮಾರಾಯ್ತಿ," ಎನ್ನುತ್ತಿದ್ದರು ದೊಡ್ಡಪ್ಪ.

ಕಂಪನಿ ಇಬ್ಬರು ಅಣ್ಣತಮ್ಮಂದಿರದು. ಅವರಿಗೆ ಜಗಳವಾಗಿ ಕಂಪನಿ ಎರಡು ಹೋಳಾಯಿತು. ಕಾರ್ಖಾನೆ ಮತ್ತು ಯಂತ್ರಗಳು ಅಣ್ಣನಿಗೆ. ಆಟಗಳ ಹೆಸರು, ಸಂಗೀತ, ಚಿತ್ರಗಳ ಹಕ್ಕು ತಮ್ಮನಿಗೆ. ದೊಡ್ಡಪ್ಪ ಯಂತ್ರಗಳ ಜೊತೆ ಅಣ್ಣನ ಪಾಲಿಗೆ ಬಂದರು, ಅವರು ಬರೆದದ್ದೆಲ್ಲ ತಮ್ಮನ ಪಾಲಿಗೆ ಹೋಯಿತು. ಮುಂದೆ ಎರಡೂ ಹೋಳುಗಳನ್ನು ಹೊರಗಿನವರು ಕೊಂಡರು. ಜಗಳವೂ ಸಾಮಾನಿನ ಜೊತೆಗೇ ಅವರ ಕೈಸೇರಿತು. ಕೆಲಸದವರು ಮಾತ್ರ ಇವತ್ತಿಗೂ ಅಣ್ಣನ ಕಡೆ, ತಮ್ಮನ ಕಡೆ ಎಂದೇ ಹೇಳುತ್ತಾರೆ.

ಸೋರುವ ಗೋದಾಮಿನಲ್ಲಿ ದೋಣಿ ಹುಡುಗಿಯ ಯಂತ್ರಗಳೆಲ್ಲ ನೆನೆದು ಉಬ್ಬಿಹೋದವು. ಕೊನೆಗೆ ಚೆನ್ನಾಗಿ ಉಳಿದದ್ದು ಒಂದೇ. ಅದರೊಳಗೆ ಬೇರೆ ಆಟ ಕೂರಿಸಿ ಮಾರಬೇಕೆಂದು ಅಣ್ಣನ ಕಡೆಯವರು ಹೊರಟಾಗ, ನಮ್ಮ ಚಿತ್ರ ಕಾಣಿಸಿದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ತಮ್ಮನ ಕಡೆಯವರು ಎಚ್ಚರಿಸಿದರು. ಚಿತ್ರ ಉಜ್ಜಿ ತೆಗೆದು ಬೂದು ಬಣ್ಣ ಬಳಿಯುವ ಕೆಲಸ ದೊಡ್ಡಪ್ಪನಿಗೇ ಬಂತು.

ದೊಡ್ಡಪ್ಪ ಮ್ಯಾನೇಜರ ಎದುರು ಹೋಗಿ ನಿಂತರು. "ಚಿತ್ರ ಇರೋ ಹಲಗೆ ಒಂದನ್ನ ನಾನು ಮನೆಗೆ ತಗೊಂಡ್ ಹೋಗ್ತೀನಿ ಸಾರ್. ಆ ಜಾಗಕ್ಕೆ ಹೊಸ ಹಲಗೆ ನಾನೇ ಕೂರಿಸಿಕೊಡ್ತೀನಿ."

"ಹಲಗೆ ನಮ್ಮದು, ಕೊಡೋಕೆ ನಂಗೇನೂ ತೊಂದರೆ ಇಲ್ಲ," ಎಂದರು ಮ್ಯಾನೇಜರು. "ಮೇಲಿರೋ ಬಣ್ಣ ಅವರದಲ್ಲವಾ? ಬಣ್ಣದ ಸಮೇತ ಕೊಟ್ರೆ ಅವರ ಸೊತ್ತು ನಾವು ಹಂಚಿದ ಹಾಗೆ. ಅವರನ್ನ ಒಂದು ಮಾತು ಕೇಳ್ಕೊಂಡ್ ಬನ್ನಿ."

ತಮ್ಮನ ಕಡೆಯ ಆಫೀಸಿನಲ್ಲಿ ಹಕ್ಕುಗಳನ್ನು ನೋಡಿಕೊಳ್ಳುವ ಹೆಂಗಸು ದೊಡ್ಡಪ್ಪನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು ಕೇಳಿದಳು. ಒಳ್ಳೆಯವಳೇ.

"ಮುಖ ನನ್ನ ಹೆಂಡತೀದಮ್ಮಾ," ಎಂದರು ದೊಡ್ಡಪ್ಪ.

"ಇರಬಹುದು ಅಂಕಲ್. ಆದ್ರೆ ಚಿತ್ರ ನಮ್ಮದು, ಹಲಗೆ ಅವರದು. ಅವರ ಹಲಗೆ ಮೇಲೆ ನಮ್ಮ ಚಿತ್ರ ಇರಲಿ ಅಂತ ಒಂದ್ಸಲ ಒಪ್ಪಿದ್ರೆ ನಾಳೆ ಎಲ್ಲದಕ್ಕೂ ಅದನ್ನೇ ಹಿಡ್ಕೊಳ್ತಾರೆ." ಆಮೇಲೆ ನಕ್ಕು, "ಬರೀ ಬಣ್ಣ ಸಾಕು ಅನ್ನೋದಾದ್ರೆ ಕಿತ್ಕೊಂಡ್ ಹೋಗಿ, ನಮ್ಮದೇನೂ ಅಡ್ಡಿ ಇಲ್ಲ," ಎಂದಳು.

ಆಕೆ ಹೇಳಿದ್ದು ತಮಾಷೆಗೆ. ದೊಡ್ಡಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದರು. ಚಿತ್ರದ ಮೇಲೆ ಅಂಟು ಬಳಿದು, ಬಟ್ಟೆ ಹಚ್ಚಿ, ಒಣಗಿದ ಮೇಲೆ ಎಳೆದರೆ ಬಣ್ಣ ಬಟ್ಟೆಗೆ ಹತ್ತಿಕೊಂಡು ಬರುತ್ತದೆ ಎಂದು ಕೆಲಸ ಕಲಿಯುವಾಗ ಕೇಳಿದ್ದರು. ಮಾಡಿ ನೋಡಿರಲಿಲ್ಲ. ದೊಡ್ಡಮ್ಮ ಹಳೆಯ ಹಾಸುಬಟ್ಟೆಯೊಂದನ್ನು ಒಗೆದು, ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿಕೊಟ್ಟರು.

ಗೋದಾಮಿನಲ್ಲಿ ಅಂಟು ಬಳಿಯುವಾಗ ಫಿಟ್ಟರ್ ಬಂದು ಇಣುಕಿದ. "ಏನಣ್ಣಾ, ಅತ್ತಿಗೆಗೆ ಬ್ಯಾಂಡೇಜಾ?"

"ಮಾತಾಡ್ಸಬೇಡ್ವೋ, ಗುಳ್ಳೆ ಬೀಳುತ್ತೆ."

ಅಂಟು ಒಣಗಲು ಬಿಟ್ಟು, ಮರುದಿನ ಕೆಳಗಿನ ಅಂಚಿನಿಂದ ಎಳೆಯುತ್ತ ಬಂದರು. ಹೊಳೆ ಬಂತು. ದೋಣಿ ಬಂತು. ಹುಟ್ಟು ಅರ್ಧ ಬಂತು. ಹುಡುಗಿ ಇದ್ದ ಕಡೆ ಬಟ್ಟೆ ಬರಿದಾಗಿ ಎದ್ದಿತು. ಆಡುವವರು ಒರಗಿ ಒರಗಿ ಅವಳು ಸವೆಯಬಾರದೆಂದು, ಅಲ್ಲಿ ಮಾತ್ರ ಮರವನ್ನೇ ಒರಟು ಮಾಡಿ, ಬಣ್ಣ ಒಳಗಿಳಿಯುವಂತೆ ತೆಳುವಾಗಿ ಹಚ್ಚಿ, ಮೇಲೆ ವಾರ್ನಿಷ್ ಕೊಟ್ಟು ಕೊಟ್ಟು ಗಟ್ಟಿ ಮಾಡಿದ್ದವರು ಅವರೇ. ಅದು ಅವರಿಗೆ ನೆನಪಾದದ್ದು ಬಟ್ಟೆ ಕೈಗೆ ಬಂದ ಮೇಲೆ. ಇನ್ನೊಂದು ಪಕ್ಕದವಳನ್ನೂ ಹಾಗೆಯೇ ಗಟ್ಟಿ ಮಾಡಿದ್ದರು.

ಅಷ್ಟರಲ್ಲಿ ಫಿಟ್ಟರನ್ನು ಕರೆದುಕೊಂಡು ಮ್ಯಾನೇಜರು ಬಂದರು. "ಸಂಜೆ ಗಾಡಿ ಬರುತ್ತೆ. ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಇವನ ಕೈಲಿ ಉಜ್ಜೋ ಮೆಷಿನ್ ಹಾಕಿಸ್ತೀನಿ."

ಫಿಟ್ಟರ್ ತಲೆ ತಗ್ಗಿಸಿದ.

"ಬೇಡ ಸಾರ್, ನಾನೇ ತೆಗೀತೀನಿ," ಎಂದರು ದೊಡ್ಡಪ್ಪ.

ಉಜ್ಜುವ ಕಾಗದ ಹಿಡಿದು ಕೂತರು. ಮೊದಲು ಕೂದಲು, ಆಮೇಲೆ ಹಣೆ. ಒಳ್ಳೆಯ ಕೆಲಸವಾಗಿತ್ತು, ಬೇಗ ಹೋಗಲಿಲ್ಲ. ಒಂದು ಮುಖ ಮುಗಿಸಿ, ಎದ್ದು ಇನ್ನೊಂದು ಪಕ್ಕಕ್ಕೆ ಹೋಗಿ ಕೂತರು.

ಮನೆಗೆ ಬಂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿದಾಗ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು. ಹೊಳೆಯಲ್ಲಿ ದೋಣಿಯೊಂದೇ ಇತ್ತು.

"ರೀ, ನಾನೆಲ್ಲಿ?"

"ಹಲಗೇಲೇ ಉಳ್ಕೊಂಡೆ ನೀನು."

"ಹಲಗೆ?"

"ಉಜ್ಜಿದೆ."

ದೊಡ್ಡಮ್ಮ ಬಟ್ಟೆಯನ್ನು ಮಡಿಸಲು ಹೋದರು. ಮಡಿಕೆಯಲ್ಲಿ ಬಣ್ಣ ಬಿರಿದು ಪುಡಿಯಾಗಿ ನೆಲಕ್ಕೆ ಉದುರಿತು. ಅಲ್ಲಿಗೇ ನಿಲ್ಲಿಸಿ ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದನ್ನು ದೊಡ್ಡಪ್ಪ ಹಿಡಿದರು. ಅದನ್ನು ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.