ಮುಂದಿನ ಸೀಟಿನಲ್ಲಿ ಹೆಣಿಗೆ ಇಲ್ಲ

ಸ್ಟೇನ್ವೋರ್ ಹಟಮಾರಿ ಎಂದು ಐಸ್‌ಲ್ಯಾಂಡಿನ ನಮ್ಮ ಉತ್ತರದ ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವುದು ಅವಳ ಕಸುಬು. ಗುದ್ದಿದ ಗಳಿಗೆಯಲ್ಲಿ ಕಾರಿನೊಳಗೆ ಏನೇನಾಗುತ್ತದೆ ಎಂಬುದು ಅವಳಿಗೆ ಅಂಗೈ ನೆಲ್ಲಿಕಾಯಿ. ಒಮ್ಮೆ ಅಂಥದೊಂದು ಕಾರಿನ ಸೀಟಿನ ತಲೆದಿಂಬಿಗೆ ಹೆಣಿಗೆ ಕಡ್ಡಿ ಅರ್ಧದವರೆಗೂ ನಾಟಿಕೊಂಡಿತ್ತು. ಇಕ್ಕಳ ಹಾಕಿ ಎಳೆದು ತೆಗೆದವಳು ಅವಳೇ. ಆ ಸೀಟಿನಲ್ಲಿದ್ದ ಹೆಂಗಸಿನ ಕಣ್ಣು ಕೂದಲೆಳೆಯ ಅಂತರದಲ್ಲಿ ಉಳಿದಿತ್ತು. ಅಂದಿನಿಂದ ಸ್ಟೇನ್ವೋರಳ ಕಾರಿನ ಮುಂದಿನ ಸೀಟಿನಲ್ಲಿ ಹೆಣಿಗೆ ನಿಷಿದ್ಧ.

ನಮ್ಮ ಹೆಂಗಸರು ಇದನ್ನು ಒಪ್ಪುತ್ತಾರೆಯೇ! ಅವರು ಕಾರು ಹತ್ತುವುದೇ ಹೆಣೆಯುವುದಕ್ಕೆ. ಪೇಟೆ ಬರುವಷ್ಟರಲ್ಲಿ ಸ್ವೆಟರಿನ ಒಂದು ತೋಳು ಮುಗಿದಿರಬೇಕು. ಅದರಲ್ಲೂ ಸ್ಟೇನ್ವೋರಳ ಅತ್ತೆ ಗುಡ್‌ಫಿನ್ನಾ. ಎಡಗಣ್ಣು ಎಂದೋ ಹೋಗಿತ್ತು. ಹೆಣಿಗೆ, ಓದು, ಸೊಸೆಯ ಮೇಲಿನ ನಿಗಾ, ಎಲ್ಲವೂ ಉಳಿದ ಬಲಗಣ್ಣೊಂದರಲ್ಲೇ ನಡೆಯಬೇಕು. ಅದೂ ಹೋದರೆ ಮುದುಕಿಯ ಪಾಲಿಗೆ ಪ್ರಪಂಚವೇ ಮುಳುಗಿದಂತೆ.

ಕುರಿಗಳು ಬೆಟ್ಟದಿಂದ ಇಳಿದ ವಾರ ಇಬ್ಬರೂ ಪೇಟೆಗೆ ಹೊರಟರು. ಅತ್ತೆ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಮಡಿಲಲ್ಲಿ ಉಣ್ಣೆ ಹರಡಿ, ಕಡ್ಡಿ ಆಡಿಸತೊಡಗಿದಳು. ಸ್ಟೇನ್ವೋರ್ ಕಾರನ್ನು ಶುರುಮಾಡಲೇ ಇಲ್ಲ.

"ಅತ್ತೆ, ಕಡ್ಡಿ ಡಿಕ್ಕೀಲಿ ಹಾಕಿ. ಸೀಟು ಹಿಂದಕ್ಕೆ ಸರಿಸ್ಕೊಳ್ಳಿ."

"ಅಯ್ಯೋ ನಿನ್ನ! ನೀನು ಹುಟ್ಟೋಕ್ ಮುಂಚಿಂದ ಕಾರಲ್ಲಿ ಹೆಣೀತಿದೀನಿ ಕಣೇ. ಏನಾಗಿದೆ ನಂಗೆ?"

"ಆಗ ನಿಮ್ಮೆದುರಿಗೆ ಏರ್‌ಬ್ಯಾಗ್ ಇರ್ಲಿಲ್ಲ, ಈಗಿದೆ. ಗುದ್ದಿದ್ರೆ ಪಟ್ಟಂತ ಉಬ್ಬಿ, ಕೈಲಿರೋ ಕಡ್ಡೀನ ನಿಮ್ಮ ಮುಖಕ್ಕೇ ಹೊಡೆಯುತ್ತೆ. ಇರೋದೊಂದೇ ಕಣ್ಣು."

"ಬಿಡ್ತು ಅನ್ನು! ಬರಿಗೈಲಿ ಕೂತು ನಾನೇನು ನಿನ್ನ ಮುಖ ನೋಡ್ಲಾ?"

"ನೋಡಿ. ಕಣ್ಣಿದ್ರೆ ತಾನೇ ನೋಡೋದು!"

ಇಬ್ಬರೂ ಬಿಗುಮಾನದಲ್ಲಿ ಕೂತೇ ಇದ್ದರು. ಕೊನೆಗೆ ಅತ್ತೆಯೇ ಸೋತಳು. ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತಲ್ಲ. ಕಡ್ಡಿ ಡಿಕ್ಕಿ ಸೇರಿತು, ಸೀಟು ಹಿಂದೆ ಸರಿಯಿತು, ಬೆಲ್ಟು ಬಿಗಿಯಿತು. ದಾರಿಯುದ್ದಕ್ಕೂ ಮುದುಕಿ ಗೊಣಗಿದ್ದೇ ಗೊಣಗಿದ್ದು.

ಸೇತುವೆ ದಾಟಿದ್ದೇ ತಡ, ಟಗರೊಂದು ಛಂಗನೆ ರಸ್ತೆಗೆ ಹಾರಿತು. ಸ್ಟೇನ್ವೋರ್ ಸರಕ್ಕನೆ ತಿರುಗಿಸಿದಳು. ಕಾರು ಚರಂಡಿಗೆ ಇಳಿದು ಬಂಡೆಗೆ ಗುದ್ದಿತು. ಢಮ್! ಬಿಳಿ ಚೀಲಗಳು ಉಬ್ಬಿ, ಕುಗ್ಗಿ, ಕಾರಿನ ತುಂಬ ಪುಡಿಯ ಹೊಗೆ.

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸ್ಟೇನ್ವೋರ್ ಬೆಲ್ಟು ಬಿಚ್ಚಿ ಅವಳತ್ತ ಬಾಗಿದಳು.

"ಅತ್ತೇ, ಕೈ ತೆಗೀರಿ. ನಿಮ್ಮ ದಮ್ಮಯ್ಯ, ಕಣ್ಣು ಬಿಡಿ!"

ಮುದುಕಿ ಮೆಲ್ಲಗೆ ಕೈ ಇಳಿಸಿದಳು. ಕೆನ್ನೆ ತರಚಿ ಕೆಂಪಾಗಿತ್ತು. ಬಲಗಣ್ಣನ್ನು ಪಿಳಿಪಿಳಿ ಮಾಡಿ, ದೂರದಲ್ಲಿ ಏನೂ ಆಗದ ಹಾಗೆ ನಿಂತಿದ್ದ ಟಗರನ್ನು ದಿಟ್ಟಿಸಿದಳು.

"ಎಡಗಿವೀಲಿ ಕಚ್ಚು ನೋಡೇ, ನಮ್ಮನೆ ಗುರುತು," ಎಂದಳು. "ನಮ್ಮದೇ ಟಗರು ಅದು! ಬೇಲಿ ಬಾಗಿಲು ಹಾಕ್ಲಿಲ್ವೇನೇ ನೀನು?"

ಸ್ಟೇನ್ವೋರ್ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗುನಗುತ್ತಲೇ ಅತ್ತುಬಿಟ್ಟಳು. ಅಷ್ಟು ದೂರದ ಕಿವಿಯ ಕಚ್ಚು ಅವಳಿಗೇ ಕಂಡಿರಲಿಲ್ಲ.