ಮಲ್ಕಪ್ಪ ಒರೆಸಿದ ಹದಿನಾರು ಪಟ್ಟಿಗಳು

ಯಾದಗಿರಿಯ ಅಡತಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ತೊಗರಿ ತೂಗಿದ ಗೋಗಿಯ ಮಲ್ಕಪ್ಪನಿಗೆ ಒಂದು ರೂಢಿ ಅಂಟಿಕೊಂಡಿತ್ತು: ತೂಗುವ ಮುಂಚೆ ತಕ್ಕಡಿಯ ತಟ್ಟೆಯನ್ನು ಧೋತರದ ಅಂಚಿನಿಂದ ಒರೆಸುವುದು. ತಟ್ಟೆಗೆ ಹತ್ತಿದ ಹೊಟ್ಟು ಯಾರ ಪರವಾಗಿ ಸುಳ್ಳು ಹೇಳುತ್ತದೆಂದು ಬಜಾರಕ್ಕೆಲ್ಲ ಗೊತ್ತು. ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಎಲೆಕ್ಟ್ರಾನಿಕ್ ಕಾಂಟಾ ಬಂದು ತಕ್ಕಡಿ ಮೂಲೆ ಸೇರಿದ ಮೇಲೆ ಅವನು ಶಹಾಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದ. ವರ್ಷದ ಕರಾರಿನ ಕೆಲಸ.

ಅಲ್ಲಿ ಸಂಶೋಧನೆ ಮಾಡುವ ಸುರಪುರದ ನಾಗಲಕ್ಷ್ಮಿ ಬಟ್ಟಲುಗಳಲ್ಲಿ ಮನುಷ್ಯರ ಜೀವಕೋಶಗಳನ್ನು ಸಾಕುತ್ತಿದ್ದಳು. ಹತ್ತಿಗೆ ಹೊಡೆಯುವ ಔಷಧಿಯ ಹನಿ ಬಿಟ್ಟಾಗ ಕೋಶಕ್ಕೆ ಸಂಕಟವಾದರೆ ಅದು ಹೈಡ್ರೋಜನ್ ಪೆರಾಕ್ಸೈಡನ್ನು ಹೊರಬಿಡುತ್ತದೆ. ಬಟ್ಟಲಲ್ಲಿ ಅದ್ದಿದ ಬೆರಳುದ್ದದ ಪಟ್ಟಿ ಅದನ್ನು ಹಿಡಿದು ಸಣ್ಣ ಕರೆಂಟಾಗಿಸುತ್ತದೆ. ಕಂಪ್ಯೂಟರಿನಲ್ಲಿ ಗೆರೆ ಏರುತ್ತದೆ. ಆದರೆ ಒಂದು ದಿನ ಮಲಗಿದ್ದ ಗೆರೆ ಏಳಲೇ ಇಲ್ಲ.

"ಏನೂ ಬರವಲ್ದು ಕಾಕಾ," ಎಂದಳು. "ಔಷಧದಿಂದ ತ್ರಾಸಿಲ್ಲಂತ ಬರದಬಿಡ್ತೀನಿ. ಪಟ್ಟಿ ಮೊನ್ನೇನ ಪರೀಕ್ಷಾ ಮಾಡಿಟ್ಟೀನಿ, ಚಲೋ ಅದಾವ."

ಮಲ್ಕಪ್ಪನಿಗೆ ಖುಷಿಯೇ ಆಯಿತು. ತಮ್ಮ ದೇವು ಅದೇ ಔಷಧಿಯನ್ನು ಬರೀ ಮುಖದಲ್ಲಿ ಹೊಡೆಯುತ್ತಾನೆ. ಆದರೂ ಒಂದು ಮಾತು ಕೇಳಿದ: "ಪಟ್ಟಿ ತುದಿಗಿ ಕಾಡಿಗಿ ಹತ್ತಿದಂಗ ಇರ್ತದಲ್ರಿ, ಅದೇನ್ರಿ?"

"ಅದ ಅದರ ಜೀವ ಕಾಕಾ. ಕಣ್ಣಿಗಿ ಕಾಣದಷ್ಟು ಸಣ್ಣ ಇಂಗಾಲದ ನಳಿಗಿ, ಅದಕ್ಕ ಬಂಗಾರದ ಕಣ. ಅದಿಲ್ಲಂದ್ರ ಪಟ್ಟಿ ಕುರುಡು."

ಗಾಜು ತೊಳೆಯುತ್ತಿದ್ದ ಮಲ್ಕಪ್ಪನ ಕೈ ನಿಂತಿತು. ಆ ಕಪ್ಪು ಲೇಪದ ಕೆಳಗೆ ಪಟ್ಟಿಯ ಮೇಲೂ ಕಪ್ಪು ಮಸಿಯೇ ಅಚ್ಚಾಗಿದ್ದರಿಂದ, ಹಿಂದಿನ ದಿನ ಅವನು ಅದನ್ನು ಒರೆಸಿದ್ದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ದೇವುವೂ ಈ ಸಲದ ಔಷಧಿಯನ್ನು ನಿಶ್ಚಿಂತೆಯಿಂದ ಹೊಡೆದುಕೊಂಡಿರುತ್ತಾನೆ. ಆ ಎರಡನೆಯದೇ ಅವನಿಗೆ ನುಂಗಲಾಗಲಿಲ್ಲ.

"ನಿನ್ನಿ ನಾ ಒರಸೀನ್ರಿ ಮೇಡಮ್ಮಾರ. ಧೂಳಂತ ತಿಳದು."

"ಎಷ್ಟು?"

"ಹದಿನಾರು. ಅಷ್ಟರಾಗ ಗೋಗಿ ಆಟೋ ಬಂತು, ನಾಕು ಉಳದಾವ. ಆಟೋದವನಿಗಿ ಥ್ಯಾಂಕ್ಸ್ ಹೇಳ್ರಿ."

ನಾಗಲಕ್ಷ್ಮಿ ನಗಲಿಲ್ಲ. ಒರೆಸಿದ ಪಟ್ಟಿಯ ಮೇಲೆ ಪೆರಾಕ್ಸೈಡನ್ನೇ ನೇರ ಬಿಟ್ಟು ನೋಡಿದಳು, ಗೆರೆ ಅಲುಗಲಿಲ್ಲ. ಒರೆಸದ ಪಟ್ಟಿಯನ್ನು ಹೊಸ ಬಟ್ಟಲಲ್ಲಿ ಅದ್ದಿ ಔಷಧಿಯ ಹನಿ ಬಿಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ಗೆರೆ ನಿಧಾನಕ್ಕೆ ತಲೆಯೆತ್ತಿತು, ಏರಿತು, ಏರುತ್ತಲೇ ಹೋಯಿತು. ಕಣ್ಣಿಗೆ ಕಾಣದ ಜೀವ ಇಷ್ಟು ಒದ್ದಾಡುತ್ತದೆಂದು ಮಲ್ಕಪ್ಪ ಎಣಿಸಿರಲಿಲ್ಲ.

"ಹದಿನಾರು ಯಾಕ ಕೆಟ್ಟವು ಅಂತ ದಾಖಲೆಯಾಗ ಬರೀಬೇಕು ಕಾಕಾ. ನಿಮ್ಮ ಹೆಸರು ಬಿಡ್ಲೇನು?"

"ಬರೀರಿ. ಇಲ್ಲಂದ್ರ ನಿಮ್ಮ ಮ್ಯಾಲ ಬರ್ತದ. ಬರೋ ವರ್ಷ ಇಟ್ಕೊಂಡ್ರ ಇರ್ತೀನಿ."

ಅವಳು ಬರೆದಳು. ಒಂದು ಬಟ್ಟಲಿನಿಂದ ಏನೂ ಸಿದ್ಧವಾಗದು, ಇನ್ನೂ ಹತ್ತು ನೋಡಬೇಕು ಎಂದಳು. ಹತ್ತರವರೆಗೆ ಕಾಯುವ ತಾಳ್ಮೆ ಮಲ್ಕಪ್ಪನಿಗಿರಲಿಲ್ಲ. ಪಡಸಾಲೆಗೆ ಬಂದು ತಮ್ಮನಿಗೆ ಫೋನ್ ಹಚ್ಚಿದ.

"ಔಷಧದ ಪಂಪ ಹೆಗಲಿಗಿ ಹಾಕೀ ಏನಲೇ?"

"ಹಾಕಾಕತ್ತೀನಿ. ಯಾಕಣ್ಣ, ಮಳಿ ಬರ್ತದಂತೇನು?"

"ಮಾರಿಗಿ ಬಟ್ಟಿ ಕಟ್ಟು ಮೊದಲು."

"ಕಾಲೇಜಿಗಿ ಹೋಗಿ ಡಾಕ್ಟರ್ ಆದೇನು? ಸೆಕಿ ಆಗ್ತದೋ ಮಾರಾಯ!"

"ಕಟ್ಟೋತನ ನಾ ಫೋನ್ ಇಡಂಗಿಲ್ಲ."

ಬಟ್ಟೆಯ ಹಿಂದಿನಿಂದ ದೇವುವಿನ ಬೈಗುಳ ಮಂದವಾಗಿ ಕೇಳುವವರೆಗೂ ಅವನು ಇಡಲಿಲ್ಲ.