ಮನೆಹೆಸರಿನ ಫೈಲುಗಳು

ಮೂಡಬಿದಿರೆಯಲ್ಲಿ ಕೆಲವು ವರ್ಷ ನಾನು ಕಂಪ್ಯೂಟರ್ ಪಾಠ ಹೇಳಿದ್ದೇನೆ. ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ತೆಗೆಯುವ ಪಾಠ. ಬೇಗ ಮುಗಿಸುವ ಉಪಾಯಗಳೆಂದರೆ ಮಕ್ಕಳಿಗೆ ಖುಷಿ. ನಾನು ಮಾತ್ರ ಮೊದಲ ದಿನದಿಂದಲೇ ‘ಅಳಿಸುವ ಮೊದಲು ಪಟ್ಟಿ ನೋಡಿ, ನಕಲು ಇಡಿ’ ಎಂದು ಅವರ ತಲೆ ತಿನ್ನುತ್ತಿದ್ದೆ. ಯಾಕೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ತೊಂಬತ್ತರ ದಶಕದಲ್ಲಿ ಬಂಟ್ವಾಳ ಪೇಟೆಯ ಒಂದು ಅಂಗಡಿಯಲ್ಲಿ ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ಮದುವೆ ಕಾಗದ, ಅರ್ಜಿ, ಇಂಥವು. ಆಗಿನ ಕಪ್ಪು ಪರದೆಯ ಡಾಸ್‌ನಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ. ನಮ್ಮ ಕಡೆ ಜನರನ್ನು ಗುರುತಿಸುವುದು ಮನೆಹೆಸರಿನಿಂದ. ನಾನೂ ಮನೆಹೆಸರಿನ ಹಿಂದೆ ಒಂದು ಅಂಕಿ ಸೇರಿಸಿ ಫೈಲು ಇಡುತ್ತಿದ್ದೆ. ಮನೆಹೆಸರು ಹಾಕಿ ಸ್ಟಾರ್ ಒತ್ತಿದರೆ ಆ ಮನೆಯ ಫೈಲುಗಳೆಲ್ಲ ಒಂದೇ ಏಟಿಗೆ ಸಿಗುತ್ತಿದ್ದವು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಫರಂಗಿಪೇಟೆಯಿಂದ ಒಬ್ಬಳು ಬ್ಯಾರಿ ಹೆಂಗಸು, ನನ್ನದೇ ಪ್ರಾಯದವಳು, ತನ್ನ ಉಮ್ಮನನ್ನು, ಅಂದರೆ ತಾಯಿಯನ್ನು, ನಾಲ್ಕು ಸಲ ಕರೆದುಕೊಂಡು ಬಂದಿದ್ದಳು. ಉಮ್ಮನಿಗೆ ಓದು ಬರಹ ಇರಲಿಲ್ಲ, ತೊಟ್ಟಿಲು ತೂಗುವ ಬ್ಯಾರಿ ಭಾಷೆಯ ಹಾಡುಗಳು ಬೇಕಷ್ಟು ಬರುತ್ತಿದ್ದವು. ಅವರು ಹೇಳಿದ ಹಾಗೆ ನಾನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ, ಅವರ ಮನೆಹೆಸರಿನ ಫೈಲಿನಲ್ಲಿ ಇಟ್ಟೆ.

“ಎಲ್ಲ ಮುಗಿದ ಮೇಲೆ ಒಟ್ಟಿಗೆ ಪ್ರಿಂಟ್ ತೆಗೆಯುವ, ಅಕ್ಕ” ಎಂದಳು ಮಗಳು.

ಮಳೆಗಾಲ ಶುರುವಾದ ಮೇಲೆ ಅವರು ಬರಲಿಲ್ಲ. ಅದೇ ಮನೆಯ ಒಂದು ಮದುವೆ ಕಾಗದ ಅಚ್ಚಾಗಿ ಹೋಗಿತ್ತು, ಅದರ ಫೈಲು ಇನ್ನು ಬೇಡ. ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಜನ ಕಾಯುತ್ತಿದ್ದರು. ಅಂಕಿ ನೋಡುವಷ್ಟು ಪುರುಸೊತ್ತಿಲ್ಲದೆ ಅಳಿಸುವ ಆಜ್ಞೆ ಹೊಡೆದೆ: ಡೆಲ್, ಮನೆಹೆಸರು, ಸ್ಟಾರ್. ಕಂಪ್ಯೂಟರ್ ‘ಅಳಿಸಲೇ’ ಎಂದು ಒಂದು ಮಾತೂ ಕೇಳಲಿಲ್ಲ. ಮೊದಲು ಡಿರ್ ಎಂದು ಹಾಕಿ ಪಟ್ಟಿ ನೋಡಿದ್ದರೆ ಹಾಡುಗಳ ಫೈಲು ಕಣ್ಣಿಗೆ ಬೀಳುತ್ತಿತ್ತು. ಅರ್ಧ ನಿಮಿಷದ ಕೆಲಸ.

ಎರಡು ತಿಂಗಳ ಮೇಲೆ ಅವಳೊಬ್ಬಳೇ ಬಂದಳು.

“ಉಮ್ಮ ತೀರಿಹೋದರು ಅಕ್ಕ. ಆದಷ್ಟನ್ನು ಪ್ರಿಂಟ್ ಕೊಡ್ತೀರಾ?”

ಆಗ ಡಿರ್ ಹಾಕಿದೆ. ಏನೂ ಇರಲಿಲ್ಲ. ಅಳಿಸಿದ್ದನ್ನು ಹಿಂದೆ ತರುವ ಉಪಾಯ ಉಂಟು, ಆದರೆ ಅಳಿಸಿದ ಕೂಡಲೇ ಕೈಕಟ್ಟಿ ಕೂರಬೇಕು. ಆ ಜಾಗದ ಮೇಲೆ ನಾನು ಊರವರ ಅರ್ಜಿಗಳನ್ನೆಲ್ಲ ಬರೆದಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವಾಗ ನನಗೇ ಅಳು ಬಂತು.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಕುರ್ಚಿ ಎಳೆದು ಕೂತು, “ನನಗೆ ಬರುವಷ್ಟು ಹೇಳ್ತೇನೆ, ನೀವು ಬರೀರಿ” ಎಂದಳು.

ಮೊದಲ ಹಾಡಿನ ಮೂರು ಸಾಲು ಸಲೀಸಾಗಿ ಬಂತು. ನಾಲ್ಕನೆಯದನ್ನು ಎರಡು ಸಲ ಶುರು ಮಾಡಿ ಎರಡು ಸಲವೂ ನಿಲ್ಲಿಸಿದಳು. ನಾನು ಕೀಲಿಗಳ ಮೇಲೆ ಬೆರಳಿಟ್ಟು ಕಾದೆ.

“ಉಮ್ಮ ಹೇಳುವಾಗ ನಾನು ಸರಿಯಾಗಿ ಕೇಳಲೇ ಇಲ್ಲ ಅಕ್ಕ” ಎಂದಳು. “ನೀವು ಟೈಪ್ ಮಾಡ್ತಾ ಇದ್ದೀರಲ್ಲ ಅಂತ.”